‘ನಮ್ಮ ಮನೇಲಿ ಯಾರಿಗೂ ಇಲ್ಲವಲ್ಲ’

ಮಗುವಿಗೆ ಟೈಪ್‌ 1 ಮಧುಮೇಹ ಎಂದು ಡಾಕ್ಟರು ಹೇಳಿದಾಗ ಹೆತ್ತವರ ಬಾಯಿಂದ ಮೊದಲು ಹೊರಡುವ ಮಾತು ಬಹುತೇಕ ಒಂದೇ: ‘ನಮ್ಮ ಮನೇಲಿ ಯಾರಿಗೂ ಶುಗರ್ ಇಲ್ಲವಲ್ಲ ಸಾರ್, ಈ ಮಗೂಗೆ ಹೆಂಗೆ ಬಂತು?’ ಕೋಲಾರ, ಮಾಲೂರಿನ ಕಡೆಯವರು ಇದನ್ನು ಕನ್ನಡದಲ್ಲಿ ಕೇಳುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಹಳ್ಳಿಗಳವರು ತೆಲುಗಿನಲ್ಲಿ ‘ಮಾ ಇಂಟ್ಲೋ ಎವರಿಕೀ ಲೇದು ಕದಾ’ ಎನ್ನುತ್ತಾರೆ. ಕೆಜಿಎಫ್‌ನಿಂದ ಬಂದವರ ಪ್ರಶ್ನೆ ತಮಿಳಿನಲ್ಲಿ, ಪೇಟೆಯ ಮುಸ್ಲಿಂ ಮನೆಗಳವರದು ದಖನಿಯಲ್ಲಿ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಅದು ಆಸ್ಪತ್ರೆಯಲ್ಲಲ್ಲ, ಮನೆಗೆ ಹೋದ ಮೇಲೆ: ‘ನಮ್ಮ ಕಡೆ ಇಲ್ಲ ಅಂದಮೇಲೆ ಅವರ ಕಡೆಯಿಂದಲೇ ಬಂದಿರಬೇಕು.’ ಅವರ ಕಡೆ ಎಂದರೆ ಸೊಸೆಯ ತವರು.

ಪ್ರಶ್ನೆ ನ್ಯಾಯವಾದದ್ದು, ಆರೋಪ ಸುಳ್ಳು. ಟೈಪ್‌ 1 ಪತ್ತೆಯಾದ ನೂರು ಮಕ್ಕಳಲ್ಲಿ 85ರಿಂದ 90 ಮಕ್ಕಳ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗೂ ಆ ಕಾಯಿಲೆ ಇರುವುದಿಲ್ಲ. ಇನ್ನು ತಾಯಿಯ ಕಡೆಯ ಮಾತು. ಯುರೋಪಿನ ಕುಟುಂಬಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಕಂಡದ್ದು ಹೀಗೆ: ತಂದೆಗೆ ಟೈಪ್‌ 1 ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 6, ತಾಯಿಗೆ ಇದ್ದರೆ 2ರಿಂದ 3. ಸೊಸೆಯನ್ನು ದೂರುವವರಿಗೆ ವಿಜ್ಞಾನದಲ್ಲಿ ಯಾವ ಆಸರೆಯೂ ಇಲ್ಲ.

ಅಜ್ಜನಿಗೆ ಐವತ್ತೈದರಲ್ಲೋ ಅರವತ್ತರಲ್ಲೋ ಬಂದ ಶುಗರ್ ಟೈಪ್‌ 2. ಅಲ್ಲಿ ದೇಹ ಇನ್ಸುಲಿನ್ ಮಾಡುತ್ತಿರುತ್ತದೆ, ಆದರೆ ಅದು ಸಾಲದು, ಅಥವಾ ಅಂಗಾಂಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಮಗುವಿಗೆ ಬಂದದ್ದು ಬೇರೆಯೇ ಕಾಯಿಲೆ. ಮೇದೋಜ್ಜೀರಕ ಗ್ರಂಥಿಯೊಳಗೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿವೆ. ಸೋಂಕುಗಳ ಮೇಲೆ ದಾಳಿ ಮಾಡಬೇಕಾದ ರಕ್ಷಣಾ ವ್ಯವಸ್ಥೆ ಈ ಕೋಶಗಳನ್ನೇ ಪರಕೀಯವೆಂದು ಬಗೆದು ಒಂದೊಂದಾಗಿ ನಾಶ ಮಾಡುತ್ತದೆ. ಮಗು ತಿಂದ ಜಹಾಂಗೀರಾಗಲಿ ಮಾವಿನಹಣ್ಣಾಗಲಿ ಇದಕ್ಕೆ ಕಾರಣವಲ್ಲ. ಇನ್ಸುಲಿನ್ ನಿಂತುಹೋದ ಮೇಲೆ ಹೊರಗಿನಿಂದ ಕೊಡದಿದ್ದರೆ ಮಗು ಬದುಕುವುದಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡುವವರೆಗೆ ಲೋಕದ ಯಾವ ಮೂಲೆಯಲ್ಲೂ ಇದಕ್ಕೆ ಮದ್ದಿರಲಿಲ್ಲ.

ಹಾಗಾದರೆ ವಂಶವಾಹಿಯ ಪಾತ್ರ ಎಲ್ಲಿ? ಇಲ್ಲಿಂದ ವಿಷಯ ಬಿಗಿಯಾಗುತ್ತದೆ, ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮ ಆರನೇ ಜೋಡಿ ವರ್ಣತಂತುವಿನ ಮೇಲೆ ಎಚ್‌ಎಲ್‌ಎ ಎಂಬ ಜೀನುಗಳ ಗುಂಪಿದೆ. ಅಂಗಾಂಗ ಕಸಿಗೆ ಮುನ್ನ ದಾನಿಗೂ ರೋಗಿಗೂ ಹೊಂದಿಕೆಯಾಗುತ್ತದೆಯೇ ಎಂದು ನೋಡುವುದು ಇವನ್ನೇ. 1970ರ ದಶಕದ ನಡುವಿನಲ್ಲಿ ಡೆನ್ಮಾರ್ಕಿನ ಯೋರ್ನ್ ನೆರುಪ್ ಮತ್ತು ಸಂಗಡಿಗರು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕಡ್‌ವರ್ತ್ ಮತ್ತು ವುಡ್ರೋ, ಬಾಲ್ಯದ ಮಧುಮೇಹ ಇರುವವರಲ್ಲಿ ಕೆಲವು ಬಗೆಯ ಎಚ್‌ಎಲ್‌ಎಗಳು ಅತಿಯಾಗಿ ಕಾಣುತ್ತವೆಂದು ತೋರಿಸಿಕೊಟ್ಟರು. ಎಚ್‌ಎಲ್‌ಎ ಅಣುಗಳ ಕೆಲಸ ಊಟದ ತಟ್ಟೆಯದಂತೆ: ಪ್ರೋಟೀನುಗಳ ಚೂರುಗಳನ್ನು ಹೊತ್ತು ತಂದು ರಕ್ಷಣಾ ಕೋಶಗಳ ಮುಂದಿಡುವುದು. ತಟ್ಟೆಯ ಆಕಾರ ಒಬ್ಬರಿಂದೊಬ್ಬರಿಗೆ ಬೇರೆ. ಕೆಲವು ಆಕಾರಗಳಲ್ಲಿ ಇನ್ಸುಲಿನ್ನಿನ ಚೂರು ಹೇಗೆ ಕೂರುತ್ತದೆಂದರೆ, ನೋಡಿದ ರಕ್ಷಣಾ ಕೋಶ ಅದನ್ನು ಶತ್ರುವೆಂದು ಬಗೆಯುವ ಸಂಭವ ಹೆಚ್ಚು. 1987ರಲ್ಲಿ ಜಾನ್ ಟಾಡ್, ಜಾನ್ ಬೆಲ್, ಹ್ಯೂ ಮ್ಯಾಕ್‌ಡೆವಿಟ್ ಈ ಆಕಾರದ ಗುಟ್ಟನ್ನು ಒಂದು ಬಿಂದುವಿನವರೆಗೆ ಹುಡುಕಿಕೊಂಡು ಹೋದರು. ಎಚ್‌ಎಲ್‌ಎಗಳಲ್ಲೊಂದಾದ ಡಿಕ್ಯೂ ಅಣುವಿನ ಬೀಟಾ ಸರಪಳಿಯ 57ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದವರಿಗೆ ಅಪಾಯ ಕಡಿಮೆ, ಅಲ್ಲಿ ಬೇರೆ ಅಮೈನೊ ಆಮ್ಲ ಇದ್ದವರಿಗೆ ಹೆಚ್ಚು. ಅಷ್ಟು ದೊಡ್ಡ ಅಣುವಿನಲ್ಲಿ ಒಂದೇ ಒಂದು ಜಾಗ!

ಆನುವಂಶಿಕ ಅಪಾಯದ ಸುಮಾರು ಅರ್ಧಭಾಗ ಈ ಎಚ್‌ಎಲ್‌ಎ ಪ್ರದೇಶದ್ದೇ. ಉಳಿದರ್ಧ ಅರವತ್ತಕ್ಕೂ ಹೆಚ್ಚು ಬೇರೆ ಜಾಗಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ. ಯುರೋಪ್ ಮೂಲದವರಲ್ಲಿ ಅತಿ ಹೆಚ್ಚು ಅಪಾಯ ಡಿಆರ್3 ಮತ್ತು ಡಿಆರ್4 ಎಂಬ ಎಚ್‌ಎಲ್‌ಎ ಬಗೆಗಳೆರಡೂ ಕೂಡಿಬಂದ ಮಕ್ಕಳಿಗೆ, ಎಂದರೆ ಒಂದನ್ನು ತಂದೆಯಿಂದ, ಇನ್ನೊಂದನ್ನು ತಾಯಿಯಿಂದ ಪಡೆದವರಿಗೆ. ಹಾಗೆ ಪಡೆದ ಮಕ್ಕಳಲ್ಲೂ ಇಪ್ಪತ್ತರಲ್ಲಿ ಒಬ್ಬರಿಗಷ್ಟೇ ಕಾಯಿಲೆ ಬರುತ್ತದೆ, ಉಳಿದ ಹತ್ತೊಂಬತ್ತು ಮಂದಿ ಏನೂ ಆಗದೆ ಬೆಳೆಯುತ್ತಾರೆ. ವಂಶವಾಹಿ ಎಂದೊಡನೆ ಹಣೆಬರಹ ಎಂದು ತಿಳಿಯುವವರು ಈ ಹತ್ತೊಂಬತ್ತನ್ನು ನೆನಪಿಡಬೇಕು.

ಅವಳಿಗಳ ಕಥೆ ಇದನ್ನು ಇನ್ನೂ ಚೆನ್ನಾಗಿ ತಿಳಿಸುತ್ತದೆ, ಅದರಲ್ಲಿ ಬೆಂಗಳೂರಿನವರೊಬ್ಬರ ಪಾಲೂ ಇದೆ. ತದ್ರೂಪಿ ಅವಳಿಗಳ ಜೀನುಗಳೆಲ್ಲ ಒಂದೇ. ಒಬ್ಬರಿಗೆ ಟೈಪ್‌ 1 ಬಂದರೆ ಇನ್ನೊಬ್ಬರಿಗೂ ಬರಲೇಬೇಕಲ್ಲ? ನೂರು ಜೋಡಿಗಳಲ್ಲಿ ಮೂವತ್ತರಿಂದ ಐವತ್ತು ಜೋಡಿಗಳಲ್ಲಿ ಬರುತ್ತದೆ, ದಶಕಗಟ್ಟಲೆ ಕಾದು ನೋಡಿದರೆ ಇನ್ನೂ ಕೆಲವರಲ್ಲಿ. ಡಾ. ಎಸ್.ಎಸ್. ಶ್ರೀಕಂಠ ಅವರು 1980ರ ದಶಕದ ಮೊದಲಲ್ಲಿ ಅಮೆರಿಕದ ಬಾಸ್ಟನ್‌ನ ಜೋಸ್ಲಿನ್ ಕೇಂದ್ರದಲ್ಲಿ ಜಾರ್ಜ್ ಐಸೆನ್‌ಬಾರ್ತ್ ಅವರ ಜೊತೆ ಕೆಲಸ ಮಾಡುತ್ತಿದ್ದರು. ತದ್ರೂಪಿ ಅವಳಿ, ತ್ರಿವಳಿಗಳಲ್ಲಿ ಒಬ್ಬರಿಗೆ ಮಧುಮೇಹ ಬಂದು ಉಳಿದವರು ಆರೋಗ್ಯವಾಗಿದ್ದಾಗಲೇ ಅವರ ರಕ್ತವನ್ನು ವರ್ಷಗಳ ಕಾಲ ಪರೀಕ್ಷಿಸುತ್ತ ಬಂದರು. 1983ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಆ ಪ್ರಬಂಧ ಬಂತು. ಆವರೆಗೆ ಟೈಪ್‌ 1 ದಿಢೀರನೆ ಎರಗುವ ಕಾಯಿಲೆ ಎಂದೇ ನಂಬಿದ್ದರು. ಲಕ್ಷಣ ಕಾಣುವ ವರ್ಷಗಳ ಮುಂಚೆಯೇ ರಕ್ತದಲ್ಲಿ ಈ ದಾಳಿಯ ಗುರುತಾದ ಪ್ರತಿಕಾಯಗಳು ಮೂಡುತ್ತವೆ, ಬೀಟಾ ಕೋಶಗಳ ಶಕ್ತಿ ಮೆಲ್ಲಗೆ ಕುಂದುತ್ತ ಹೋಗುತ್ತದೆ ಎಂಬುದು ಅಲ್ಲಿ ಕಂಡಿತು. ಇಂದು ಲಕ್ಷಣಕ್ಕೆ ಮುಂಚೆಯೇ ಟೈಪ್‌ 1 ಪತ್ತೆ ಮಾಡುವ ಜಗತ್ತಿನ ಕಾರ್ಯಕ್ರಮಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ. ಶ್ರೀಕಂಠ ಅವರು ಊರಿಗೆ ಮರಳಿ ಬೆಂಗಳೂರಿನಲ್ಲಿ ‘ಸಮತ್ವಂ’ ಕಟ್ಟಿದರು, ಬಡವರ ಮಕ್ಕಳ ಟೈಪ್‌ 1 ಚಿಕಿತ್ಸೆಗೆ ದುಡಿದರು. ಅಂಥ ಮೂಲಭೂತ ಸಂಶೋಧನೆಯಲ್ಲಿ ಪಾಲಿದ್ದ ಒಬ್ಬರು ಕೋಲಾರದಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಮಕ್ಕಳಿಗೆ ಇನ್ಸುಲಿನ್ ಹಾಕುವುದನ್ನು ಕಲಿಸುತ್ತ ಬಂದರೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ಜನಾಂಗಗಳ ಮಾತಿಗೆ ಬರೋಣ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಡೈಮಂಡ್’ ಎಂಬ ಯೋಜನೆಯಲ್ಲಿ ಹತ್ತಾರು ದೇಶಗಳ ಮಕ್ಕಳ ಲೆಕ್ಕ ಹಾಕಿಸಿತು. ಚೀನಾದ ಜುನ್ಯಿ ಪ್ರದೇಶದಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಿಗೆ 0.1, ಎಂದರೆ ಹತ್ತು ಲಕ್ಷಕ್ಕೆ ಒಬ್ಬರು. ಫಿನ್ಲೆಂಡ್‌ನಲ್ಲೂ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲೂ ಲಕ್ಷಕ್ಕೆ ಮೂವತ್ತಾರರ ಮೇಲೆ. ಮುನ್ನೂರೈವತ್ತು ಪಟ್ಟು ಅಂತರ! ಫಿನ್ಲೆಂಡ್ ಆ ಬಳಿಕ ಐವತ್ತನ್ನೂ ದಾಟಿ ಹೋಯಿತು. ಸೋಂಕಿನಿಂದ ಬರದ ಕಾಯಿಲೆಗಳಲ್ಲಿ ಇಷ್ಟು ಅಂತರ ಕಾಣುವುದು ಅಪರೂಪ.

ಜೀನುಗಳು ಇದರಲ್ಲಿ ಒಂದು ಪಾಲನ್ನು ವಿವರಿಸುತ್ತವೆ. ಸಾರ್ಡಿನಿಯಾದವರಲ್ಲಿ ಡಿಆರ್3 ತುಂಬ ಸಾಮಾನ್ಯ. ಜಪಾನೀಯರಲ್ಲಿ ಡಿಆರ್3 ಇಲ್ಲವೆನ್ನುವಷ್ಟು ಅಪರೂಪ, ಆದರೂ ಅಲ್ಲಿನ ಮಕ್ಕಳಿಗೆ ಟೈಪ್‌ 1 ಬರುತ್ತದೆ, ವರ್ಷಕ್ಕೆ ಲಕ್ಷಕ್ಕೆ ಸುಮಾರು ಎರಡರಂತೆ. ಅವರಲ್ಲಿ ಅಪಾಯ ತರುವವು ಡಿಆರ್4ರ 04:05 ಎಂಬ ಉಪಬಗೆ ಮತ್ತು ಡಿಆರ್9, ಯುರೋಪಿನ ಪಠ್ಯಪುಸ್ತಕಗಳಲ್ಲಿ ಮೂಲೆಗೆ ಸರಿದಿದ್ದ ಹೆಸರುಗಳು. ಒಂದೇ ಡಿಆರ್4ರ ಒಳಗೂ 04:01 ಅಪಾಯ ಹೆಚ್ಚಿಸಿದರೆ 04:03 ಕಾಪಾಡುತ್ತದೆ. ಪಿಟಿಪಿಎನ್22 ಎಂಬ ಜೀನಿನ ಒಂದು ರೂಪಾಂತರ ಉತ್ತರ ಯುರೋಪಿನವರಲ್ಲಿ ಹತ್ತರಲ್ಲಿ ಒಂದರಷ್ಟು ವರ್ಣತಂತುಗಳಲ್ಲಿ ಸಿಗುತ್ತದೆ, ಪೂರ್ವ ಏಷ್ಯಾದವರಲ್ಲಿ ಹುಡುಕಿದರೂ ಸಿಗದು. ಒಂದು ಜನಾಂಗದ ಪಟ್ಟಿಯನ್ನು ಇನ್ನೊಂದರ ಮೇಲೆ ಹಾಗೆಯೇ ಇಟ್ಟು ನೋಡಿದರೆ ತಪ್ಪು ಉತ್ತರವೇ ಬರುತ್ತದೆ.

ಭಾರತೀಯರ ವಿಷಯದಲ್ಲಿ ದೆಹಲಿಯ ಏಮ್ಸ್‌ನ ಎನ್.ಕೆ. ಮೆಹ್ರಾ ಮತ್ತು ತಂಡದವರು ಬಹುಕಾಲ ಕೆಲಸ ಮಾಡಿದ್ದಾರೆ. ನಮ್ಮಲ್ಲಿ ಮುಖ್ಯ ಪಾತ್ರ ಡಿಆರ್3ರದು. ಆದರೆ ಅದು ಯುರೋಪಿನ ಡಿಆರ್3 ಬಂದ ದಾರಿಯಲ್ಲಿ ಬಂದದ್ದಲ್ಲ. ಎಚ್‌ಎಲ್‌ಎ ಜೀನುಗಳು ಅಕ್ಕಪಕ್ಕದಲ್ಲಿ ಕುಳಿತು ಗುಂಪಾಗಿಯೇ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ. ಯುರೋಪಿನಲ್ಲಿ ಡಿಆರ್3ರ ಜೊತೆಗಾರರು ಎ1 ಮತ್ತು ಬಿ8 ಎಂಬ ಎಚ್‌ಎಲ್‌ಎ ಬಗೆಗಳು. ಉತ್ತರ ಭಾರತದ ರೋಗಿಗಳಲ್ಲಿ ಅದೇ ಡಿಆರ್3 ಎ26-ಬಿ8, ಬಿ50, ಬಿ58 ಹೀಗೆ ಹಲವು ಜೊತೆಗಾರರೊಂದಿಗೆ ಕಾಣಿಸುತ್ತದೆ. ನಮ್ಮ ಅಪಾಯಕ್ಕೆ ನಮ್ಮದೇ ಇತಿಹಾಸವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪುಣೆಯಿಂದ ಬಂದ ಅಧ್ಯಯನ ಇದನ್ನು ಚಿಕಿತ್ಸೆಯ ಕೋಣೆಗೆ ತಂದಿತು. ಹತ್ತಾರು ಜೀನುಗಳ ಅಪಾಯವನ್ನು ಕೂಡಿ ಒಂದೇ ಅಂಕವಾಗಿಸುವ ‘ವಂಶವಾಹಿ ಅಪಾಯಾಂಕ’ ಎಂಬ ವಿಧಾನವನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಬೆಳೆಸಿದ್ದರು. ಅದರ ಆಧಾರ ಯುರೋಪಿಯನ್ನರ ರಕ್ತ. ಅದು ನಮ್ಮವರಲ್ಲಿ ನಡೆಯುತ್ತದೆಯೇ? ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಗಿರಿರಾಜ್ ಚಂದಕ್ ಮತ್ತು ಎಕ್ಸೆಟರ್‌ನವರು ಕೂಡಿ ಟೈಪ್‌ 1 ಇರುವ 262, ಟೈಪ್‌ 2 ಇರುವ 352, ಎರಡೂ ಇಲ್ಲದ 334 ಮಂದಿಯ ಜೀನುಗಳನ್ನು ತೂಗಿದರು. 2020ರಲ್ಲಿ ಫಲಿತಾಂಶ ಬಂತು. ಅಂಕ ನಮ್ಮವರಲ್ಲೂ ಟೈಪ್‌ 1 ಮತ್ತು 2ನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಆದರೆ ಅದರೊಳಗಿನ ಎಚ್‌ಎಲ್‌ಎ ಗುರುತುಗಳ ತೂಕ ನಮ್ಮಲ್ಲಿ ಬೇರೆ. ಭಾರತೀಯರ ಗುರುತುಗಳನ್ನೇ ಸೇರಿಸಿಕೊಂಡರೆ ಇನ್ನೂ ಹರಿತವಾಗಬಲ್ಲದು.

ಈ ಅಂಕದ ಉಪಯೋಗ ಸಣ್ಣದಲ್ಲ. ಇಪ್ಪತ್ತೆರಡರ ಸಣಕಲು ಯುವಕನಿಗೆ ಶುಗರ್ ಬಂದರೆ ಟೈಪ್‌ 1ಓ 2ಓ ಎಂದು ಹೇಳುವುದು ಯುರೋಪಿನಲ್ಲಿ ಸುಲಭ, ಅಲ್ಲಿ ಟೈಪ್‌ 2 ಬಹುಮಟ್ಟಿಗೆ ದಪ್ಪಗಿರುವ ಹಿರಿಯರ ಕಾಯಿಲೆ. ನಮ್ಮಲ್ಲಿ ಮೂವತ್ತರೊಳಗಿನ ತೆಳ್ಳನೆಯವರಿಗೂ ಟೈಪ್‌ 2 ಬರುತ್ತದೆ. ಇದರ ಜೊತೆಗೆ ಅಪೌಷ್ಟಿಕತೆಯಿಂದ ಬರುವ ಮಧುಮೇಹ ಬೇರೆ. ಅದನ್ನು ಬಹುಕಾಲದಿಂದ ಬೆನ್ನುಹತ್ತಿದವರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ನಿಹಾಲ್ ಥಾಮಸ್ ಮತ್ತು ಸಂಗಡಿಗರು; ದೊಡ್ಡ ಕಾಯಿಲೆ ಎಂದರೆ ಮುಳಬಾಗಿಲಿನವರು ಬಸ್ಸು ಹತ್ತುವುದು ಅಲ್ಲಿಗೇ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್ ಸಮಾವೇಶದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅದಕ್ಕೆ ‘ಟೈಪ್‌ 5’ ಎಂದು ಮನ್ನಣೆ ಕೊಟ್ಟಿತು. ಅದೇ ವರ್ಷ ಕ್ಯಾಮರೂನ್, ಉಗಾಂಡ, ದಕ್ಷಿಣ ಆಫ್ರಿಕಾದ ಅಧ್ಯಯನವೊಂದು, ಟೈಪ್‌ 1 ಎಂದು ಹೆಸರಿಟ್ಟ ಎಳೆಯರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗದವರಿಗೆ ಪ್ರತಿಕಾಯಗಳೇ ಇಲ್ಲ, ಅವರ ಅಪಾಯಾಂಕವೂ ಕಡಿಮೆ ಎಂದು ತೋರಿಸಿತು. ಇವೆಲ್ಲ ಬೇರೆ ಬೇರೆ ಕಾಯಿಲೆಗಳು, ಬೇರೆ ಬೇರೆ ಚಿಕಿತ್ಸೆ ಕೇಳುತ್ತವೆ.

ಕೋಲಾರದ ನೆಲಕ್ಕೆ ಬರೋಣ. ಮೂರು ರಾಜ್ಯಗಳು ಕೂಡುವ ಜಿಲ್ಲೆ ಇದು. ಗಂಗರಿಂದ ಇತ್ತೀಚಿನವರೆಗೆ ಇಲ್ಲಿ ಬಂದು ನೆಲೆಸದವರಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಹಿಡಿದ ಮೇಲೆ ತಮಿಳು ಜಿಲ್ಲೆಗಳಿಂದ ಕಾರ್ಮಿಕರು ಕುಟುಂಬ ಸಮೇತ ಬಂದರು. 2001ರಲ್ಲಿ ಗಣಿ ಮುಚ್ಚಿದರೂ ಅವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯವರೇ. ಇಷ್ಟು ಬೆರೆತು ಬಾಳಿದರೂ ಮದುವೆ ಮಾತ್ರ ತಂತಮ್ಮ ಜಾತಿಯೊಳಗೆ. 2009ರಲ್ಲಿ ಹೈದರಾಬಾದಿನ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಪ್ರಕಟಿಸಿದ ಅಧ್ಯಯನ, ಈ ಒಳಮದುವೆಯ ಗುರುತು ಜೀನುಗಳಲ್ಲಿ ಎಷ್ಟು ಆಳವಾಗಿ ಉಳಿದಿದೆಯೆಂದು ತೋರಿಸಿತು. ಅದರಲ್ಲೊಂದು ಉದಾಹರಣೆ ವೈಶ್ಯರದು, ಕೋಲಾರ, ಮುಳಬಾಗಿಲು ಪೇಟೆಗಳಲ್ಲೂ ಅಂಗಡಿಯಿಟ್ಟಿರುವ ಸಮುದಾಯ. ಸಾವಿರಾರು ವರ್ಷದಿಂದ ಅವರು ಹೊರಗೆ ಸಂಬಂಧ ಮಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ. ಅರಿವಳಿಕೆಗೆ ಬಳಸುವ ಒಂದು ಮದ್ದನ್ನು ಕರಗಿಸುವ ಕಿಣ್ವದ ಕೊರತೆ ಈ ಸಮುದಾಯದಲ್ಲಿ ಹೆಚ್ಚಾಗಿ ಕಾಣುತ್ತದೆ, ಆಪರೇಷನ್‌ಗೆ ಮುನ್ನ ವೈದ್ಯರು ಅದನ್ನು ಗಮನದಲ್ಲಿಟ್ಟುಕೊಳ್ಳುತ್ತಾರೆ.

ಆದರೆ ಅದು ಒಂದೇ ಜೀನಿನ ದೋಷ. ಟೈಪ್‌ 1 ಹಾಗಲ್ಲ. ಇಂಥ ಜಾತಿಗೆ ಹೆಚ್ಚು, ಇಂಥವರಿಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪಾಯದ ಎಚ್‌ಎಲ್‌ಎಗಳು ಎಲ್ಲ ಸಮುದಾಯಗಳಲ್ಲೂ ಇವೆ, ಕಾಪಾಡುವವೂ ಇವೆ. ಬದಲಾಗುವುದು ಅವುಗಳ ಪ್ರಮಾಣ. ಒಂದು ಮಗುವಿನ ಅಪಾಯ ತಿಳಿಯಬೇಕಾದರೆ ಆ ಮಗುವಿನ ರಕ್ತ ನೋಡಬೇಕೇ ಹೊರತು ಶಾಲೆಯ ದಾಖಲೆಯ ಜಾತಿ ಕಾಲಂ ಅಲ್ಲ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಈ ಕಾಯಿಲೆ ಬಂದೊಡನೆ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರ ಬಳಗ ಮತ್ತು ಅಲನ್ ಬಿಟಲ್ಸ್ 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆಗಳನ್ನು ನೋಡಿದಾಗ ಸುಮಾರು ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗಿನದಾಗಿತ್ತು. ಇಂಥ ಮದುವೆಗಳಲ್ಲಿ ಹೆಚ್ಚುವುದು ಒಂದೇ ಜೀನಿನಿಂದ ಬರುವ ಅಪರೂಪದ ಕಾಯಿಲೆಗಳ ಅಪಾಯ. ಮಧುಮೇಹದಲ್ಲೂ ಅಂಥವು ಕೆಲವಿವೆ. ಹುಟ್ಟಿದ ಆರು ತಿಂಗಳೊಳಗೆ ಶುಗರ್ ಕಂಡರೆ ಅದು ಟೈಪ್‌ 1 ಅಲ್ಲದಿರುವ ಸಂಭವವೇ ಹೆಚ್ಚು, ಜೀನ್ ಪರೀಕ್ಷೆ ಮಾಡಿಸಲೇಬೇಕು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್‌ನಲ್ಲಿ ಆ ಸೌಲಭ್ಯವಿದೆ. ಕೆಸಿಎನ್‌ಜೆ11 ಎಂಬ ಜೀನಿನಲ್ಲಿ ವ್ಯತ್ಯಾಸವಿದ್ದರೆ ಆ ಕೂಸಿಗೆ ಇನ್ಸುಲಿನ್ ಸೂಜಿ ಬಿಡಿಸಿ, ಟೈಪ್‌ 2ರವರು ನುಂಗುವ ಅಗ್ಗದ ಗ್ಲಿಬೆನ್‌ಕ್ಲಮೈಡ್ ಮಾತ್ರೆಯಲ್ಲೇ ನಡೆಸಬಹುದು. ವಂಶವಾಹಿ ಪರೀಕ್ಷೆ ಮನೆಯೊಂದರ ದಿನಚರಿಯನ್ನೇ ಬದಲಿಸುವ ಸಂದರ್ಭವಿದು.

ಕರ್ನಾಟಕದ ಲೆಕ್ಕವೇನು? ಬೆಂಗಳೂರಿನ ಡಾ. ಕೆ.ಎಂ. ಪ್ರಸನ್ನಕುಮಾರ್ ನಡೆಸಿಕೊಂಡು ಬಂದ ರಾಜ್ಯದ ಟೈಪ್‌ 1 ಪಟ್ಟಿಯ 13 ವರ್ಷಗಳ ಲೆಕ್ಕದ ಪ್ರಕಾರ, ವರ್ಷಕ್ಕೆ ಲಕ್ಷ ಹುಡುಗರಲ್ಲಿ 3.7, ಲಕ್ಷ ಹುಡುಗಿಯರಲ್ಲಿ 4.0. ಚೆನ್ನೈಯಲ್ಲಿ 1990ರ ದಶಕದ ಮೊದಲಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರ ನೋಂದಣಿಗೆ ಸಿಕ್ಕದ್ದು 10.5. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಯುವ ಮಧುಮೇಹಿಗಳ ನೋಂದಣಿಯ ದೆಹಲಿ, ಚೆನ್ನೈ ಕೇಂದ್ರಗಳ ಅಂಕಿಯನ್ನು ಅಮೆರಿಕದ ‘ಸರ್ಚ್’ ನೋಂದಣಿಯೊಂದಿಗೆ ಹೋಲಿಸಿದಾಗ ನಮ್ಮದು 4.9, ಅವರದು 21.2.

ಇದನ್ನು ಓದಿ ‘ನಮ್ಮ ರಕ್ತ ಗಟ್ಟಿ’ ಎಂದು ಹೆಮ್ಮೆ ಪಡುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ಗೆ ವಲಸೆ ಹೋದ ನಮ್ಮ ಉಪಖಂಡದ ಕುಟುಂಬಗಳನ್ನು ನೋಡಿ. 1978ರಿಂದ 81ರ ನಡುವೆ ಆ ಮನೆಗಳ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 3.1 ಮಂದಿಗೆ ಟೈಪ್‌ 1 ಬರುತ್ತಿತ್ತು, ಹೆಚ್ಚುಕಡಿಮೆ ಕರ್ನಾಟಕದ ಅಂಕಿಯಷ್ಟೇ. 1988ರಿಂದ 90ರ ಹೊತ್ತಿಗೆ ಅದು 11.7. ಹತ್ತು ವರ್ಷದಲ್ಲಿ ಯಾರ ಜೀನೂ ಬದಲಾಗುವುದಿಲ್ಲ. ಅಪಾಯ ರಕ್ತದಲ್ಲಿ ಮೊದಲಿಂದಲೂ ಇತ್ತು, ಹೊರಗಿನ ಏನೋ ಅದನ್ನು ಎಬ್ಬಿಸಿತು. ಫಿನ್ಲೆಂಡ್ ಮತ್ತು ಗಡಿಯಾಚೆಯ ರಷ್ಯಾದ ಕರೇಲಿಯ ಇನ್ನೊಂದು ಉದಾಹರಣೆ. ಎರಡು ಕಡೆಯವರ ಅಪಾಯದ ಎಚ್‌ಎಲ್‌ಎಗಳ ಪ್ರಮಾಣ ಸಮ, ಕಾಯಿಲೆ ಮಾತ್ರ ಫಿನ್ಲೆಂಡ್‌ನಲ್ಲಿ ಆರು ಪಟ್ಟು ಹೆಚ್ಚು. ಕರುಳಿನ ಸೂಕ್ಷ್ಮಾಣುಗಳೇ, ಬಾಲ್ಯದ ಸೋಂಕುಗಳೇ, ಅತಿ ಶುಚಿತ್ವವೇ ಎಂದು ಸಂಶೋಧಕರು ಹುಡುಕುತ್ತಲೇ ಇದ್ದಾರೆ. ಮಾಲೂರಿನ ಹಳ್ಳಿಗಳು ಬೆಂಗಳೂರಿನ ಅಂಚಾಗಿ ಮಾರ್ಪಡುತ್ತಿವೆ. ಹಟ್ಟಿ, ಹಿತ್ತಲು, ದನಗಳ ನಡುವೆ ಬೆಳೆದ ತಾಯಂದಿರ ಮಕ್ಕಳು ಕಾರ್ಖಾನೆ ಪ್ರದೇಶದ ಬಾಡಿಗೆ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಬ್ರ್ಯಾಡ್‌ಫರ್ಡ್‌ಗೆ ಹೋಗದೆಯೂ ವಾತಾವರಣ ಬದಲಾಗಬಲ್ಲದು.

ಕಡಿಮೆ ಅಂಕಿಗೆ ಇನ್ನೊಂದು ಕಾರಣವೂ ಇರಬಹುದು, ನನ್ನನ್ನು ಹೆಚ್ಚು ಕಾಡುವುದು ಅದೇ. ಹರಿಯಾಣದ ಕರ್ನಾಲ್ ಜಿಲ್ಲೆಯಲ್ಲಿ ಟೈಪ್‌ 1 ಇರುವವರನ್ನು ಎಣಿಸಿದಾಗ ಪಟ್ಟಣದಲ್ಲಿ ಲಕ್ಷಕ್ಕೆ 26.6, ಹಳ್ಳಿಗಳಲ್ಲಿ 4.27. ಅದೇ ಜನ, ಅದೇ ಜಾತಿಗಳು, ಅದೇ ಗೋಧಿ. ಹಳ್ಳಿಯ ಮಗುವಿಗೆ ಕಾಯಿಲೆ ಬರುವುದೇ ಕಡಿಮೆಯೋ, ಬಂದದ್ದು ಗೊತ್ತಾಗುವ ಮುಂಚೆಯೇ ಮಗು ಹೋಗಿಬಿಡುತ್ತದೋ? ಈ ಎರಡನೆಯ ಸಾಧ್ಯತೆಯನ್ನು ಅಂಕಿಯ ಹಿಂದೆ ಬಚ್ಚಿಡಬಾರದು.

ಏಕೆಂದರೆ ಈ ಕಾಯಿಲೆ ಕಣ್ತಪ್ಪಿಹೋಗುವುದು ಬಲು ಸುಲಭ. ಮಗು ಪದೇ ಪದೇ ನೀರು ಕೇಳುತ್ತದೆ, ಬೇಸಿಗೆ ಎನ್ನುತ್ತಾರೆ. ಬಿಟ್ಟಿದ್ದ ಅಭ್ಯಾಸ ಮರಳಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತದೆ, ಹೆದರಿಕೊಂಡಿದೆ ಎನ್ನುತ್ತಾರೆ. ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತುತ್ತವೆ. ಹೊಟ್ಟೆ ತುಂಬ ತಿಂದರೂ ಇಳಿದುಹೋಗುತ್ತದೆ, ದೃಷ್ಟಿ ತೆಗೆಯುತ್ತಾರೆ. ಆಮೇಲೆ ಹೊಟ್ಟೆನೋವು, ವಾಂತಿ, ಏದುಸಿರು. ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಸ್ಥಿತಿ ಇದು. ಇದನ್ನು ನ್ಯುಮೋನಿಯಾ, ಟೈಫಾಯ್ಡ್, ಹೊಟ್ಟೆ ಸೋಂಕು ಎಂದುಕೊಳ್ಳುವುದುಂಟು. ನಿಶ್ಶಕ್ತಿ ಎಂದು ಗ್ಲೂಕೋಸ್ ಬಾಟಲಿ ಏರಿಸಿದರೆ ಅನಾಹುತ. ಮಗುವಿನ ಬೆರಳು ಚುಚ್ಚಿ ಗ್ಲೂಕೋಮೀಟರ್ ಪಟ್ಟಿಗೆ ಒಂದು ತೊಟ್ಟು ರಕ್ತ ಹಚ್ಚಿದ್ದರೆ ನಿಮಿಷದೊಳಗೆ ಗೊತ್ತಾಗುತ್ತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆ ಯಂತ್ರ ದೊಡ್ಡವರಿಗಾಗಿ ಇದ್ದೇ ಇದೆ. ಅಸ್ವಸ್ಥ ಮಗು ಬಂದಾಗಲೂ ಅದನ್ನು ಕೈಗೆತ್ತಿಕೊಳ್ಳುವ ರೂಢಿ ಬರಬೇಕು. ಪತ್ತೆಯಾದ ಮೇಲಿನ ಅಪಾಯ ಇನ್ನೊಂದು: ಶುಗರ್ ಬೇರಿನಿಂದ ಕಿತ್ತುಹಾಕುವೆವು ಎನ್ನುವ ನಾಟಿ ಮದ್ದಿನವರ ಮಾತಿಗೆ ಇನ್ಸುಲಿನ್ ನಿಲ್ಲಿಸುವುದು. ನಿಲ್ಲಿಸಿದರೆ ದಿನಗಳಲ್ಲೇ ಜೀವಕ್ಕೆ ಕುತ್ತು ಬರುತ್ತದೆ.

ಮತ್ತೆ ಜೀನುಗಳ ಮಾತಿಗೆ ಬಂದರೆ, ಶ್ರೀನಿವಾಸಪುರದಲ್ಲಿ ಒಂದು ವಿಶೇಷ ನಡೆದಿದೆ. ಮಾವಿನ ತೋಪುಗಳ ಆ ತಾಲ್ಲೂಕಿನ ಹಳ್ಳಿಗಳ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ‘ಸ್ಯಾನ್ಸ್‌ಕಾಗ್’ ಎಂಬ ಅಧ್ಯಯನ ನಡೆಸುತ್ತಿದೆ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವೇ ಶ್ರೀನಿವಾಸಪುರದ್ದು. ಮುಪ್ಪು, ಮರೆವು ಅದರ ವಿಷಯ. ನೆನಪಿನ ಪರೀಕ್ಷೆ, ಮಿದುಳಿನ ಸ್ಕ್ಯಾನ್, ರಕ್ತ ಪರೀಕ್ಷೆಯ ಜೊತೆ ಜೀನುಗಳ ಅಧ್ಯಯನವೂ ಅದರಲ್ಲಿದೆ. ಇದೇ ಕೇಂದ್ರ ಮುಂದಾಳಾಗಿದ್ದ ‘ಜೀನೋಮ್ ಇಂಡಿಯಾ’ ಯೋಜನೆ ದೇಶದ 83 ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಪೂರ್ಣ ಜೀನೋಮ್ ಓದಿ, 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಿತು. ಎಚ್‌ಎಲ್‌ಎ ಬಗೆಗಳು ನಮ್ಮ ಯಾವ ಸಮುದಾಯಗಳಲ್ಲಿ ಯಾವ ಪ್ರಮಾಣದಲ್ಲಿವೆ ಎಂದು ಹೇಳಲು ಬೇಕಾದ ಅಡಿಪಾಯ ಹೀಗೆ ಬಿದ್ದಿದೆ. ರಕ್ತ ಕೊಡಲು ಕೋಲಾರದ ಹಳ್ಳಿಯವರು ಹಿಂಜರಿದಿಲ್ಲ. ಇನ್ನು ಮಕ್ಕಳ ಕಾಯಿಲೆಯ ಕಡೆಗೆ ಆ ಜ್ಞಾನ ಹರಿಯಬೇಕು.

ಅವಸರ ಏಕೆಂದರೆ ಜಗತ್ತು ಮುಂದೆ ಹೋಗುತ್ತಿದೆ. ಟೈಪ್‌ 1 ಕಾಣಿಸಿಕೊಳ್ಳುವುದನ್ನು ಸರಾಸರಿ ಎರಡು ವರ್ಷ ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಮದ್ದಿಗೆ ಅಮೆರಿಕ 2022ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಜರ್ಮನಿಯ ಬವೇರಿಯದಲ್ಲಿ 2015ರಿಂದಲೇ ಮಕ್ಕಳ ಪ್ರತಿಕಾಯ ತಪಾಸಣೆ ನಡೆದಿದೆ. 2023ರಲ್ಲಿ ಇಟಲಿ ದೇಶದ ಮಕ್ಕಳೆಲ್ಲರ ತಪಾಸಣೆಗೆ ಕಾನೂನನ್ನೇ ತಂದಿತು. ನಮ್ಮಲ್ಲಿ ಅದೇ ಕೆಲಸ ಶುರುವಾಗುವ ದಿನ ಯುರೋಪಿನ ಅಂಕಪಟ್ಟಿ ಹಿಡಿದು ನಮ್ಮ ಮಕ್ಕಳನ್ನು ಆರಿಸಿದರೆ ಕೆಲವರು ಬಿಟ್ಟುಹೋಗುತ್ತಾರೆ. ಹತ್ತಿರದ ಕೇರಳ 2018ರಿಂದ ‘ಮಿಠಾಯಿ’ ಯೋಜನೆಯಲ್ಲಿ ಟೈಪ್‌ 1 ಮಕ್ಕಳಿಗೆ ಇನ್ಸುಲಿನ್ ಪೆನ್ನು, ಗ್ಲೂಕೋಸ್ ಅಳೆಯುವ ಸಾಧನ, ಸಲಹೆ ಎಲ್ಲ ಉಚಿತವಾಗಿ ಕೊಡುತ್ತಿದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಇಪ್ಪತ್ತರೊಳಗಿನ ಟೈಪ್‌ 1 ಮಕ್ಕಳು ಜಗತ್ತಿನಲ್ಲೇ ಹೆಚ್ಚು ಇರುವುದು ಭಾರತದಲ್ಲಿ, ಸುಮಾರು 2.29 ಲಕ್ಷ. ಲಕ್ಷಕ್ಕೆ ಇಷ್ಟು ಎಂಬ ಪ್ರಮಾಣ ಕಡಿಮೆಯಿದ್ದರೂ ಮಕ್ಕಳ ಸಂಖ್ಯೆ ಕಡಿಮೆಯಿಲ್ಲ.

2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ. ಅದರಲ್ಲಿ ನಾಲ್ಕು ಲಕ್ಷ ಮಕ್ಕಳೆಂದು ಇಟ್ಟುಕೊಂಡು ರಾಜ್ಯದ ಅಂಕಿಯಿಂದ ಗುಣಿಸಿದರೆ ವರ್ಷಕ್ಕೆ ಸುಮಾರು ಹದಿನೈದು ಹೊಸ ಮಕ್ಕಳು. ಬ್ರ್ಯಾಡ್‌ಫರ್ಡ್‌ನ ಅಂಕಿಯಿಂದಾದರೆ ಸುಮಾರು ನಲವತ್ತೇಳು. ನಿಜ ಯಾವುದಕ್ಕೆ ಹತ್ತಿರವೆಂದು ತಿಳಿಯಲು ದೊಡ್ಡ ಯಂತ್ರಗಳೇನೂ ಬೇಡ. ಜಿಲ್ಲೆಯ ಎಸ್‌ಎನ್‌ಆರ್ ಆಸ್ಪತ್ರೆ, ಟಮಕದ ವೈದ್ಯಕೀಯ ಕಾಲೇಜಿನ ಜಾಲಪ್ಪ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳು, ಖಾಸಗಿ ಮಕ್ಕಳ ವೈದ್ಯರು ಕೂಡಿ ಒಂದೇ ನೋಂದಣಿ ಇಟ್ಟರೆ ಸಾಕು. ಮಗುವಿನ ಊರು, ವಯಸ್ಸು, ಪತ್ತೆಯಾದ ದಿನ, ಪ್ರತಿಕಾಯ ಪರೀಕ್ಷೆಯ ಫಲಿತಾಂಶ, ಒಡಹುಟ್ಟಿದವರ ಸಂಖ್ಯೆ ಅದರಲ್ಲಿರಬೇಕು. ಒಡಹುಟ್ಟಿದವರಿಗೆ ಈ ಕಾಯಿಲೆ ಬರುವ ಸಾಧ್ಯತೆ ಯುರೋಪಿನ ಲೆಕ್ಕದಲ್ಲಿ ನೂರಕ್ಕೆ 5ರಿಂದ 6. ಅಣ್ಣನಿಗೆ ಬಂದ ಮೇಲೆ ತಂಗಿಯ ರಕ್ತದ ಪ್ರತಿಕಾಯಗಳನ್ನೂ ಒಮ್ಮೆ ನೋಡಿಸಿಡಬಹುದು. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳು ಕಂಡರೆ ಆ ಮಗುವಿನ ಶುಗರನ್ನು ಆಗಾಗ ನೋಡುತ್ತಿರಬೇಕು, ಆಗ ಅವಳು ಏದುಸಿರು ಬಿಡುತ್ತ ಆಸ್ಪತ್ರೆಗೆ ಬರುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.